ಡಬ್ಬಿಯಲ್ಲಿ ಬಂದ ಎಳ್ಳಮಾಸಿ

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಆರೂಕಾಲಿಗೆ ಕಂಪನಿ ಬಸ್ಸು ಹತ್ತುವಾಗ ನನ್ನ ಆ ದಿನದ ಮನಸ್ಸು ಎರಡೇ ಸಂಗತಿಗಳ ಮೇಲೆ ನಿಂತಿರುತ್ತದೆ. ಎಡಗಡೆ ಕಿಟಕಿಯ ಸೀಟು ಸಿಕ್ಕಿತೇ? ಶಿಕ್ರಾಪುರದ ಚೌಕದಲ್ಲಿ ಗಾಡಿ ಎಷ್ಟು ಹೊತ್ತು ನಿಂತಿತು? ನಗಬೇಡಿ. ಮನೆ ಸಾಲ, ಊರಲ್ಲಿ ಒಬ್ಬಳೇ ಇರುವ ವಯಸ್ಸಾದ ಅವ್ವ, ಎರಡನೇ ತರಗತಿಯ ಮಗಳು, ಮೇಲಿನವರ ಇ-ಮೇಲು, ಇಷ್ಟೆಲ್ಲ ಹೊತ್ತು ತಿರುಗುವ ನಲವತ್ತರ ಗಂಡಸಿನ ಒಂದಿಡೀ ದಿನ ಒಂದು ಸೀಟಿನಿಂದ ಹಗುರಾಗುತ್ತದೆ, ಒಂದು ಟ್ರಾಫಿಕ್ ಜಾಮಿನಿಂದ ಕೆಡುತ್ತದೆ ಎಂದು ಒಪ್ಪಿಕೊಳ್ಳಲು ನನಗೂ ಮೊದಮೊದಲು ನಾಚಿಕೆಯಾಗುತ್ತಿತ್ತು. ನಿಮ್ಮಂತೆ ಊರು ಬಿಟ್ಟು ದುಡಿಯುವವರಿಗೆ ಹೇಳಿದರೆ ತಿಳಿದೀತು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವ ಊರು ರಾಂಜಣಗಾಂವ. ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಹಳೆಯ ಅಹ್ಮದನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ದೂರ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಇದು ಮಹಾಗಣಪತಿಯ ಊರು. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಟ ಶಿವ ಇಲ್ಲಿ ಗಣಪತಿಯನ್ನು ಪೂಜಿಸಿದ ಎಂದು ಸ್ಥಳಪುರಾಣ. ನಮ್ಮಂಥವರಿಗೆ ಇದು ಎಂಐಡಿಸಿ. ಎಲ್‌ಜಿ, ವರ್ಲ್‌ಪೂಲ್, ಫಿಯೆಟ್‌ನಂಥ ದೊಡ್ಡ ಹೆಸರುಗಳು ಇಲ್ಲಿವೆ. ನಾನಿರುವುದು ಅವುಗಳಲ್ಲಿ ಅಲ್ಲ. ದೊಡ್ಡವರಿಗೆ ಬಿಡಿಭಾಗ ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರ್. ಕಂಪನಿಯ ಹೆಸರು ಈ ಕಥೆಗೆ ಬೇಕಾಗಿಲ್ಲ.

ಎಂಟು ವರ್ಷದ ಹಿಂದೆ ಕೆಲಸ ಸಿಕ್ಕಿತೆಂದು ಫೋನ್ ಮಾಡಿ ಊರ ಹೆಸರು ಹೇಳಿದಾಗ ಅವ್ವ, "ರಾಂಜಣಗಿ ಮಾಡೂ ಊರೇನಪಾ ಅದು?" ಎಂದಿದ್ದಳು. ನಮ್ಮ ಮನೆಯಲ್ಲಿ ನೀರು ತುಂಬಿಡುವ ದೊಡ್ಡ ಮಣ್ಣಿನ ಗಡಿಗೆಗೆ ರಾಂಜಣಗಿ ಎನ್ನುತ್ತಿದ್ದರು. ಮರಾಠಿಯಲ್ಲೂ ರಾಂಜಣ ಎಂದರೆ ಅದೇ. ಆ ಮೇಲೆ ಅವಳು ಯಾರು ಕೇಳಿದರೂ "ನಮ್ಮ ತಮ್ಮ ಗಡಗಿ ಊರಾಗಿದ್ದಾನ" ಎಂದೇ ಹೇಳುವುದು. ಈಗಲೂ ಬೇಸರವಾದಾಗ ಆ ಮಾತು ನೆನೆದರೆ ತುಟಿಯ ಮೇಲೆ ನಗು ಬರುತ್ತದೆ.

ಎಡಗಡೆ ಸೀಟಿನ ವಿಷಯಕ್ಕೆ ಬರುತ್ತೇನೆ. ನನ್ನ ಮನೆ ವಾಘೋಲಿಯಲ್ಲಿ. ಬಸ್ಸು ಗಣಪತಿ ಗುಡಿಯ ದೊಡ್ಡ ಆನೆಗಳನ್ನು ದಾಟಿ, ಶಿಕ್ರಾಪುರ, ಸಣಸವಾಡಿ ಹಾದು, ಕೋರೆಗಾಂವ ಭೀಮಾ ಬಿಟ್ಟ ಕೂಡಲೇ ಒಂದು ಸೇತುವೆ ಬರುತ್ತದೆ. ಕೆಳಗೆ ಭೀಮೆ. ಪುಣೆ ಕಡೆ ಮುಖ ಮಾಡಿ ಕುಳಿತರೆ ಎಡಗಡೆಗೆ ನೀರು ಹರಿದು ಹೋಗುವ ದಿಕ್ಕು, ಅದೇ ದಿಕ್ಕಿನಿಂದ ಸೂರ್ಯ ಏಳುವುದು. ಸೇತುವೆ ದಾಟಲು ಅರ್ಧ ನಿಮಿಷವೂ ಬೇಡ. ಆ ಅರ್ಧ ನಿಮಿಷಕ್ಕಾಗಿ ನಾನು ಬಸ್ಸಿನ ಬಾಗಿಲಲ್ಲಿ ಹುಡುಗರ ಜೊತೆ ತಳ್ಳಾಡಿ ಹತ್ತುತ್ತೇನೆ.

ಕಾರಣವಿಷ್ಟೇ. ಭೀಮಾಶಂಕರದ ಬೆಟ್ಟದಲ್ಲಿ ಹುಟ್ಟುವ ಈ ಹೊಳೆ, ಪುಣೆ ಶಹರದ ಮುಳಾ-ಮುಠಾವನ್ನು ಅದರ ಕೊಳೆಯ ಸಮೇತ ತನ್ನೊಳಗೆ ಹಾಕಿಕೊಂಡು, ಉಜನಿ ಜಲಾಶಯದಲ್ಲಿ ತಂಗಿ, ಪಂಢರಪುರದಲ್ಲಿ ಬಿದಿಗೆ ಚಂದ್ರನಂತೆ ಬಾಗಿ ಚಂದ್ರಭಾಗೆ ಎನಿಸಿಕೊಂಡು, ಮುಂದೆ ನಮ್ಮ ವಿಜಯಪುರ ಜಿಲ್ಲೆಯ ಅಂಚು ಹಿಡಿದು ಹರಿಯುತ್ತದೆ. ಸೊಲ್ಲಾಪುರ ರಸ್ತೆಯ ಧೂಳಖೇಡದಲ್ಲಿ ಸೇತುವೆ ದಾಟಿದರೆ ಕರ್ನಾಟಕ. ಅಲ್ಲಿಂದ ನಮ್ಮ ಹೊಲ ದೂರವಿಲ್ಲ. ಒಟ್ಟು ಸುಮಾರು 860 ಕಿಲೋಮೀಟರ್ ನಡೆದು ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುವ ಹೊಳೆ ಇದು. ಬಸ್ಸಿನಿಂದ ಕಾಣುವ ನೀರು ನನಗಿಂತ ಮೊದಲು ಊರಿಗೆ ಹೋಗುತ್ತದೆ, ರಜೆಯ ಅರ್ಜಿ ಕೊಡದೆ.

ಆದರೆ ಮನಸ್ಸಿಗೆ ಹಿತ ಕೊಡುವ ಸಂಗತಿಗಳಿಗೂ ಇನ್ನೊಂದು ಮಗ್ಗುಲು ಇರುತ್ತದೆ. 2020ರ ಅಕ್ಟೋಬರದಲ್ಲಿ ಇದೇ ಸೇತುವೆಯ ಕೆಳಗೆ ನೀರು ಕೆಂಪಗೆ ತುಂಬಿ ಹರಿಯುವುದನ್ನು ಕಂಡು, ಎಂಥ ಚಂದ ಎಂದು ವಿಡಿಯೊ ಮಾಡಿ ಮನೆಯ ಗುಂಪಿಗೆ ಕಳಿಸಿದ್ದೆ. ಯಾರೂ ಉತ್ತರಿಸಲಿಲ್ಲ. ಸಂಜೆ ಅಣ್ಣ ಫೋನ್ ಮಾಡಿ, "ಅದನ್ನ ಅವ್ವಗ ತೋರಸಬ್ಯಾಡ, ಅಂಜತಾಳ" ಎಂದ. ಆ ತಿಂಗಳು ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಭೀಮೆಯ ದಂಡೆಯ ಹಳ್ಳಿಗಳು ನೀರಲ್ಲಿ ನಿಂತವು. ನಮ್ಮ ತೊಗರಿ ಹೋಯಿತು. ಇಲ್ಲಿ ಕಣ್ಣಿಗೆ ಹಬ್ಬವಾಗಿದ್ದ ನೀರು ಅಲ್ಲಿ ಹೊಲಕ್ಕೆ ಬಂದಿತ್ತು. ಅಂದಿನಿಂದ ಮಳೆಗಾಲದಲ್ಲಿ ಹೊಳೆ ನೋಡಿ ಖುಷಿಪಡುವ ಮೊದಲು ಒಂದು ಕ್ಷಣ ತಡೆಯುತ್ತೇನೆ.

ರಾತ್ರಿ ಪಾಳಿ ಮಾಡಿದವರಿಗೆ ಗೊತ್ತಿರುವ ಒಂದು ಸಿಟ್ಟು ಇದೆ. ಅದಕ್ಕೆ ಕಾರಣ ಬೇಕಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಣ್ಣು ಹತ್ತಿದ ಹೊತ್ತಿಗೆ "ಸರ್, ಪರ್ಸನಲ್ ಲೋನ್" ಎಂದು ಫೋನ್ ಬಂದರೆ, ಆ ಹುಡುಗಿಯ ಮೇಲೆ ನಾನು ಕೂಗಾಡಿದ್ದುಂಟು. ಮಧ್ಯಾಹ್ನ ಮೂರಕ್ಕೆ ಎದ್ದಾಗ ಮಗಳು ಶಾಲೆಯಿಂದ ಬಂದು ಏನೋ ಚಿತ್ರ ತೋರಿಸಿದರೆ ನೋಡದೆಯೇ ಚಂದ ಎಂದದ್ದುಂಟು. ಅವಳಿಗೆ ಗೊತ್ತಾಗುತ್ತದೆ. ಚಿತ್ರವನ್ನು ತಿರುವಿ ಹಿಡಿದು "ಈಗ ಹೇಳು" ಎಂದಿದ್ದಳು ಒಮ್ಮೆ.

ಇದಕ್ಕೆ ಬರೀ ಸ್ವಭಾವ ಕಾರಣವಲ್ಲ, ದೇಹದ ಗಡಿಯಾರವೂ ಕಾರಣ ಎಂದು ನಮ್ಮ ಕಾರ್ಖಾನೆಯ ಡಾಕ್ಟರು ಒಂದು ಸುರಕ್ಷತಾ ತರಬೇತಿಯಲ್ಲಿ ತಿಳಿಸಿ ಹೇಳಿದರು. ಮಿದುಳಿನಲ್ಲಿ, ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಮೇಲೆ ಒಂದು ಪುಟ್ಟ ಜೀವಕೋಶಗಳ ಗುಂಪು ಇದೆ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ಮೈಗೆಲ್ಲ ಹಗಲು, ರಾತ್ರಿ ಎಂದು ಸುದ್ದಿ ಕಳಿಸುತ್ತದೆ. ಒಂದೊಂದು ಜೀವಕೋಶದೊಳಗೂ ಈ ಗಡಿಯಾರ ಹೇಗೆ ಓಡುತ್ತದೆ ಎಂಬುದನ್ನು ಹಣ್ಣುನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಬೆಳಗಿನ ಜಾವ ನಾಲ್ಕು, ಐದರ ಸುಮಾರಿಗೆ ಮೈಯ ಉಷ್ಣತೆ ಅತಿ ಕಡಿಮೆ ಇರುತ್ತದೆ, ಎಚ್ಚರವೂ ಅಷ್ಟೇ. ತಪ್ಪುಗಳು ಆಗುವುದು ಆಗಲೇ. ಸಿಟ್ಟು ಬರುವುದೂ ಆಗಲೇ. ನಾಲ್ಕಕ್ಕೆ ಕುಡಿದ ಚಹಾದ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂಬತ್ತಕ್ಕೆ ಹಾಸಿಗೆಗೆ ಬಿದ್ದಾಗಲೂ ರಕ್ತದಲ್ಲಿ ಇರುತ್ತದಂತೆ. ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಸರಿದರೆ ದೇಹ ಹೇಗೋ ಹೊಂದಿಕೊಳ್ಳುತ್ತದೆ. ಹಿಂದಕ್ಕೆ ಸರಿದರೆ ಒದ್ದಾಡುತ್ತದೆ. ರಾತ್ರಿ ಪಾಳಿಯವರು ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆ ಓಡಿಹೋಗುತ್ತದೆ ಎಂದೂ ಡಾಕ್ಟರು ಹೇಳಿದರು. ಕನ್ನಡಕ ಕೊಂಡೆ. ಸೇತುವೆ ಬಂದಾಗ ತೆಗೆದಿಡುತ್ತೇನೆ. ಇದೊಂದು ವಿಷಯದಲ್ಲಿ ನಾನು ಡಾಕ್ಟರ ಮಾತು ಕೇಳಿಲ್ಲ.

ಚಾಲಕ ಬೀಡ ಜಿಲ್ಲೆಯವನು. ಬೆಳಗಿನ ಬಸ್ಸಿನಲ್ಲಿ ಅವನು ಭೀಮಸೇನ ಜೋಶಿಯವರ ಅಭಂಗ ಹಾಕುತ್ತಾನೆ. ಅವರು ಗದಗಿನವರು, ಹನ್ನೊಂದರ ಸುಮಾರಿಗೆ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿ, ಟಿಕೆಟಿಲ್ಲದೆ ರೈಲು ಹತ್ತಿ ಊರೂರು ಅಲೆದು, ಕಡೆಗೆ ಗುರು ಸಿಕ್ಕದ್ದು ನಮ್ಮ ಕುಂದಗೋಳದಲ್ಲಿ ಎಂದು ನಾನು ಹೇಳಿದರೆ ಅವನು ಒಪ್ಪುವುದಿಲ್ಲ. "ಪುಣ್ಯಾಚೇ ಪಂಡಿತಜಿ" ಎನ್ನುತ್ತಾನೆ. ಪುಣೆಯಲ್ಲಿ ಬಾಳಿ, 1953ರಿಂದ ಗುರುಗಳ ಹೆಸರಿನ ಸಂಗೀತೋತ್ಸವ ನಡೆಸಿ, 2011ರಲ್ಲಿ ಪುಣೆಯಲ್ಲೇ ತೀರಿಕೊಂಡರಲ್ಲ, ಅವನದೂ ತಪ್ಪಲ್ಲ. ಒಂದು ದಿನ ನನ್ನ ಮೊಬೈಲಿನಿಂದ ಅವರದೇ ದಾಸವಾಣಿ ಹಾಕಿದೆ. ಎರಡು ಹಾಡು ಸುಮ್ಮನೆ ಕೇಳಿ, "ಭಾಷಾ ವೇಗಳೀ, ಮಾಣೂಸ್ ತೋಚ್" ಎಂದ. ಭಾಷೆ ಬೇರೆ, ಮನುಷ್ಯ ಅವನೇ. ಆ ದಿನ ಶಿಕ್ರಾಪುರದಲ್ಲಿ ನಲವತ್ತು ನಿಮಿಷ ನಿಂತರೂ ನನಗೆ ಸಿಟ್ಟು ಬರಲಿಲ್ಲ.

ಇಂಥವು ಇನ್ನೂ ಇವೆ. ಹೆದ್ದಾರಿಯಲ್ಲಿ ಮುಂದೆ ಹೋಗುವ ಲಾರಿಯ ಹಿಂದೆ ಕೆಎ-28 ಎಂದು ಕಂಡರೆ ಮೈಯೆಲ್ಲ ಕಣ್ಣಾಗುತ್ತದೆ. ಕೆಎ-01 ಕಂಡರೆ ಅಷ್ಟು ಆಗುವುದಿಲ್ಲ, ಬೆಂಗಳೂರಿನವರು ಕ್ಷಮಿಸಬೇಕು. ಅಂಗಡಿಯಲ್ಲಿ "ತೂಪ" ಎಂದು ಕೇಳಿದಾಗ ನಮ್ಮ ತುಪ್ಪವೇ ಮರಾಠಿಯಲ್ಲಿ ಕುಳಿತಿದೆಯಲ್ಲ ಎಂದು ಸಣ್ಣ ಹೆಮ್ಮೆ. ಪಕ್ಕದ ಮನೆಯ ಹುಡುಗಿಯನ್ನು ಎಲ್ಲರೂ "ತಾಯಿ" ಎಂದು ಕರೆಯುವುದು ಕೇಳಿ ನನ್ನ ಮಗಳು, "ಅಪ್ಪಾ, ಅಷ್ಟು ಸಣ್ಣ ತಾಯಿ?" ಎಂದು ಕೇಳಿದ್ದಳು. ಮರಾಠಿಯಲ್ಲಿ ಅದು ಅಕ್ಕ. ಮನಸ್ಸು ಕೆಡಿಸುವವೂ ಹೀಗೆಯೇ ಸಣ್ಣವು. ಕಾರಹುಣ್ಣಿಮೆಯ ದಿನ ಎತ್ತುಗಳ ಫೋಟೊ, ನಾನಿಲ್ಲದ ಪಂಕ್ತಿಯಲ್ಲಿ ಹೋಳಿಗೆ ಊಟದ ಫೋಟೊ. ಕಳಿಸಿದವರು ಪ್ರೀತಿಯಿಂದಲೇ ಕಳಿಸಿರುತ್ತಾರೆ.

ಆದರೆ ಈ ಅಂಕಣಕ್ಕೆ ಬರೆಯಲೇಬೇಕು ಅನ್ನಿಸಿದ್ದು ಇವುಗಳಿಗಾಗಿ ಅಲ್ಲ. ಒಬ್ಬ ಹುಡುಗನಿಗಾಗಿ.

ಐಟಿಐ ಮುಗಿಸಿ ಒಂದು ವರ್ಷದ ಅಪ್ರೆಂಟಿಸ್ ಆಗಿ ಬಂದಿದ್ದ, ಸಿಂದಗಿ ಕಡೆಯವನು. ಹತ್ತೊಂಬತ್ತು ವಯಸ್ಸು. ಕಾರೇಗಾಂವದಲ್ಲಿ ಐದು ಜನ ಸೇರಿ ಒಂದು ಖೋಲಿ ಹಿಡಿದಿದ್ದರು. ಉಳಿದ ನಾಲ್ವರು ವಿದರ್ಭದವರು, ಬಿಹಾರದವರು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದೊಳಗೆ ಕನ್ನಡ ತಾಯ್ನುಡಿ ಎಂದು ಬರೆಸಿದವರು ಸುಮಾರು 10 ಲಕ್ಷ. ನಮ್ಮ ಪಾಳಿಯಲ್ಲಿ ಮಾತ್ರ ಅವನು ಮತ್ತು ನಾನು, ಇಬ್ಬರೇ. ಅವನಿಗೆ ಮರಾಠಿ ಅರ್ಧ ತಿಳಿಯುತ್ತಿತ್ತು, ಹಿಂದಿ ಅದಕ್ಕಿಂತ ಕಡಿಮೆ. ಲೈನಿನಲ್ಲಿ ಅವನ ಹೆಸರನ್ನು ಯಾರೂ ಕಲಿಯಲಿಲ್ಲ. "ಏ ಕರ್ನಾಟಕ, ಇಕಡೇ ಯೇ" ಎಂದು ಕರೆಯುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಬಿಹಾರದ ಹುಡುಗನನ್ನು ಬಿಹಾರಿ ಎನ್ನುತ್ತಾರೆ, ಇವನು ಕರ್ನಾಟಕ. ಅವನ ಹೆಸರನ್ನು ಇಲ್ಲಿ ನಾನೂ ಬರೆಯುತ್ತಿಲ್ಲ. ಅವನನ್ನು ಕೇಳದೆ ಬರೆಯುವುದು ಸರಿಯಲ್ಲ.

ನಾನು ಕನ್ನಡದವನು ಎಂದು ಗೊತ್ತಾದ ದಿನ ಅವನ ಮುಖ ನೋಡಬೇಕಿತ್ತು. "ಸರ್ರ, ನೀವು ನಮ್ಮ ಕಡ್ಯಾವ್ರೇನ್ರಿ?" ಎಂದ. ಹೌದು ಎಂದೆ. ಯಾವ ಊರು ಎಂದು ಕೇಳಿದ. ಹೇಳಿದೆ. ಆಗಲೇ ಮೇಲಿನವರ ಫೋನ್ ಬಂತು, ಕೈ ಎತ್ತಿ ಹೊರಟೆ. ಆ ಮೇಲೆ ಮೂರು ತಿಂಗಳು ಅವನೊಂದಿಗೆ ನಾನು ಆಡಿದ ಮಾತು ಬೆರಳಲ್ಲಿ ಎಣಿಸಬಹುದು. ಲೈನಿನಲ್ಲಿ ಒಬ್ಬನಿಗೆ ಮಾತ್ರ ಕನ್ನಡದಲ್ಲಿ ಹೇಳಿದರೆ ಉಳಿದವರು ಏನೆಂದುಕೊಂಡಾರು ಎಂಬುದು ನನಗೆ ನಾನೇ ಹೇಳಿಕೊಂಡ ನೆಪ. ನಿಜವಾಗಿ ಪುರುಸೊತ್ತು ಮಾಡಿಕೊಳ್ಳಲಿಲ್ಲ, ಅಷ್ಟೇ.

ಡಿಸೆಂಬರದ ಮೊದಲ ವಾರ, ರಾತ್ರಿ ಪಾಳಿಯ ಐದನೇ ದಿನ, ಬೆಳಗಿನ ನಾಲ್ಕೂವರೆ. ಅವನು ಒಂದೇ ಥರ ಕಾಣುವ ಎರಡು ಅಳತೆಯ ರಬ್ಬರ್ ಪಟ್ಟಿಗಳ ಟ್ರೇ ಅದಲುಬದಲು ಮಾಡಿದ್ದ. ಹಿಂದಿನ ಹಂತದಲ್ಲಿ ಸಿಕ್ಕಿಬೀಳಬೇಕಾದ ತಪ್ಪು ಮುಂದೆ ಬಂದು ಲೈನು ನಿಂತಿತು. ಹನ್ನೊಂದು ನಿಮಿಷ. ಹನ್ನೊಂದು ನಿಮಿಷ ಯಾಕೆ ನಿಂತಿತೆಂದು ಬೆಳಿಗ್ಗೆ ನಾನು ಉತ್ತರ ಕೊಡಬೇಕು. ಹಿಂದಿನ ಮೂರು ಹಗಲು ನಾನು ಸರಿಯಾಗಿ ಮಲಗಿರಲಿಲ್ಲ. ನಡೆದು ಹೋಗಿ ಎಲ್ಲರೆದುರು ಕನ್ನಡದಲ್ಲಿ ಅಂದೆ: "ಊರಾಗ ಎಮ್ಮಿ ಕಾಯೂದು ಬಿಟ್ಟು ಇಲ್ಲಿಗ್ಯಾಕ ಬಂದ್ಯೋ?"

ಸುತ್ತಲಿದ್ದವರಿಗೆ ಅರ್ಥವಾಗಲಿಲ್ಲ. ಯಾರೋ ನಕ್ಕರು. ಅವನೊಬ್ಬನಿಗೆ ಪೂರ್ತಿ ಅರ್ಥವಾಯಿತು. ತಲೆ ತಗ್ಗಿಸಿ ಟ್ರೇಗಳನ್ನು ಸರಿಯಾಗಿ ಜೋಡಿಸಿ ಕೆಲಸಕ್ಕೆ ನಿಂತ. ಬೆಳಿಗ್ಗೆ ಬಸ್ಸಿನಲ್ಲಿ ನನಗೆ ಎಡಗಡೆ ಸೀಟೇ ಸಿಕ್ಕಿತ್ತು. ಸೇತುವೆ ದಾಟಿದ್ದು ಗೊತ್ತಾಗಲಿಲ್ಲ.

ಮುಂದಿನ ದಿನಗಳಲ್ಲಿ ಅವನು ಕೆಲಸ ತಪ್ಪಿಸಲಿಲ್ಲ, ತಪ್ಪೂ ಮಾಡಲಿಲ್ಲ. ಕ್ಯಾಂಟೀನಿನಲ್ಲಿ ಮೂಲೆಯ ಮೇಜಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತು ಅರ್ಧ ಉಂಡು ಏಳುತ್ತಿದ್ದ. ಎರಡು ವಾರವಾದ ಮೇಲೆ ಎಚ್‌ಆರ್ ವಿಭಾಗದವರು, "ನಿಮ್ಮ ಅಪ್ರೆಂಟಿಸ್ ಬಿಟ್ಟು ಹೋಗ್ತೀನಿ ಅಂತಿದ್ದಾನೆ, ಏನಾದರೂ ಆಗಿದೆಯಾ?" ಎಂದು ಕೇಳಿದರು. ಹುಡುಗರು ಹೀಗೆ ಬರುತ್ತಾರೆ, ಹೋಗುತ್ತಾರೆ ಎಂದು ಉತ್ತರಿಸಿದೆ. ಉತ್ತರ ಕೊಟ್ಟ ಮೇಲೆ ನನ್ನ ಚಹಾ ರುಚಿಸಲಿಲ್ಲ.

ಆ ತರಬೇತಿಯಲ್ಲಿ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಬೇಸರ ಬೇರೆ, ಕಾಯಿಲೆ ಬೇರೆ. ಬೇಸರ ಸಂಜೆಗೋ ನಾಳೆಗೋ ಸರಿಯುತ್ತದೆ. ಎರಡು ವಾರ ದಾಟಿಯೂ ನಿದ್ದೆ, ಹಸಿವು, ಯಾವುದರಲ್ಲೂ ಆಸೆ ಇಲ್ಲದಂತಾದರೆ ಕೇಳಿ ನೋಡಬೇಕು, ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರದಿಂದ ಇದೆ; 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು, ಅದರ ಹಿಂದಿನ ಮುಖ್ಯ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಆ ಸಂಖ್ಯೆ ನಮ್ಮ ಪಾಳಿಯ ಫಲಕದ ಮೇಲೆ ಅಂಟಿಸಿದ್ದು ನಾನೇ. ಅದರ ಕೆಳಗೇ ನಿಂತು ಹುಡುಗನ ಎರಡು ವಾರವನ್ನು ನಾನು ಎಣಿಸಿರಲಿಲ್ಲ.

ಆ ತಿಂಗಳ ಅಮಾವಾಸ್ಯೆಯ ದಿನ ನಮ್ಮದು ಮೊದಲ ಪಾಳಿ. ಬೆಳಿಗ್ಗೆ ಹತ್ತೂವರೆಗೆ ಊಟದ ಬಿಡುವು. ನಮ್ಮ ಲೈನಿನ ಹಿರಿಯ ಆಪರೇಟರ್ ಒಬ್ಬರಿದ್ದಾರೆ, ಲಾತೂರ ಜಿಲ್ಲೆಯವರು, ಎಲ್ಲರೂ ಕಾಕಾ ಎನ್ನುತ್ತೇವೆ. ಮಾತು ಕಡಿಮೆ. ಅಂದು ಅವರು ಎಂದಿನ ಎರಡು ಡಬ್ಬಿಯ ಬದಲು ಒಂದು ದೊಡ್ಡ ಚೀಲ ಹೊತ್ತು ಕ್ಯಾಂಟೀನಿಗೆ ಬಂದರು. ಮೇಜಿನ ಮೇಲೆ ಒಂದೊಂದೇ ಡಬ್ಬಿ ತೆಗೆದಿಡುತ್ತ, "ಆಜ್ ಯೆಳವಸ್ ಆಹೇ. ರಜಾ ನಾಹೀ ಮಿಳಾಲೀ" ಎಂದರು. ಇವತ್ತು ಯೆಳವಸ, ರಜೆ ಸಿಗಲಿಲ್ಲ. ಹೊಲದಲ್ಲಿ ಕೂತು ಉಣ್ಣಬೇಕಾದ ಹಬ್ಬವನ್ನು ಅವರ ಹೆಂಡತಿ ಶಿರೂರಿನ ಬಾಡಿಗೆ ಮನೆಯಲ್ಲಿ ನಸುಕಿನ ಮೂರಕ್ಕೆ ಎದ್ದು ಮಾಡಿ ಕಟ್ಟಿಕೊಟ್ಟಿದ್ದರು.

ಗೋಡೆಗೆ ಮುಖ ಮಾಡಿದ್ದ ಹುಡುಗ ತಿರುಗಿದ. "ಎಳ್ಳಮಾಸಿ?" ಎಂದ.

ಕಾಕಾ ಅವನನ್ನೇ ನೋಡಿದರು. "ತುಮ್ಹೀ ಕಾಯ್ ಮ್ಹಣತಾ?" ನೀವು ಏನೆನ್ನುತ್ತೀರಿ?

"ಎಳ್ಳ ಅಮಾಸಿ," ಎಂದು ಬಿಡಿಸಿ ಹೇಳಿದ. ಕಾಕಾ ಬಾಯೊಳಗೇ ಎರಡು ಸಲ ಅಂದು ನೋಡಿದರು. ಎಳ್ಳಮಾಸಿ, ಯೆಳವಸ. ಲಾತೂರ, ಧಾರಾಶಿವ ಕಡೆ ವೇಳ ಅಮಾವಾಸ್ಯೆ ಎಂದು ಪುಸ್ತಕದಲ್ಲಿ ಬರೆಯುವ ಹಬ್ಬಕ್ಕೆ ಮನೆಯ ಮಾತಿನಲ್ಲಿ ಯೆಳವಸ ಎನ್ನುತ್ತಾರೆ. ನಮ್ಮ ಎಳ್ಳಮಾಸಿಯೇ ಗಡಿ ದಾಟಿ ಸವೆದು ಹಾಗಾಗಿದೆ. ಕಾಕಾ ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಆ ಮೇಲೆ, ಅವನು ಬಂದು ಮೂರೂವರೆ ತಿಂಗಳಾದ ಮೇಲೆ, ಕೇಳಿದರು: "ನಾವ್ ಕಾಯ್ ರೇ ತುಝಂ?" ನಿನ್ನ ಹೆಸರೇನೋ?

ಮೊದಲ ಡಬ್ಬಿಯಲ್ಲಿ ಭಜ್ಜಿ ಇತ್ತು. ಬೆಂಗಳೂರಿನ ಬಜ್ಜಿ ಅಲ್ಲ. ಹಸಿ ತೊಗರಿ, ಅವರೆ, ಹಸಿ ಕಡ್ಲಿ, ಮೆಂತ್ಯೆ, ಹೊಲದಲ್ಲಿ ಆ ಕಾಲಕ್ಕೆ ಸಿಗುವುದನ್ನೆಲ್ಲ ಹಾಕಿ ಕುದಿಸಿದ ಪಲ್ಯ. ಎರಡನೆಯದರಲ್ಲಿ ಸಜ್ಜಿಯ ಉಂಡೆ. "ನಮ್ಮಲ್ಲಿ ಕಡಬು ಮಾಡ್ತಾರ," ಎಂದ ಹುಡುಗ, ಕೈಯಲ್ಲಿ ಆಕಾರ ತೋರಿಸಿ. ಬಾಟಲಿಯಲ್ಲಿ ಅಂಬೀಲ. ಅದು ಅಂಬಲಿ, ಹೆಸರೂ ಬದಲಾಗಿಲ್ಲ. ಒಂದು ಗುಟುಕು ಕುಡಿದು ಹುಡುಗ ಕಣ್ಣು ಮುಚ್ಚಿದ. ನಾನು ಎರಡು ಮೇಜು ಆಚೆ ಕೂತು ನೋಡುತ್ತಿದ್ದೆ. ಚರಗ ಚೆಲ್ಲುವಾಗ ನಿಮ್ಮಲ್ಲಿ ಏನು ಕೂಗುತ್ತೀರಿ ಎಂದು ಕಾಕಾ ಕೇಳಿದರು. ಹುಡುಗ ಮೆಲ್ಲಗೆ ಹೇಳಿ ತೋರಿಸಿದ. ಕಾಕಾ ತಾವು ಕೂಗುವುದನ್ನು ಕೂಗಿದರು, ಮೆಲ್ಲಗೆ ಅಲ್ಲ. ನಮ್ಮ ಕೂಗೇ. ಅಜ್ಜನ ಕಾಲದಿಂದ ಅರ್ಥ ಗೊತ್ತಿಲ್ಲದೆ ಕೂಗುತ್ತ ಬಂದ ಮಾತು ಕನ್ನಡದ್ದು ಎಂದು ಆ ಮನುಷ್ಯನಿಗೆ ಐವತ್ತೈದನೇ ವಯಸ್ಸಿನಲ್ಲಿ, ರಾಂಜಣಗಾಂವದ ಕ್ಯಾಂಟೀನಿನಲ್ಲಿ ತಿಳಿಯಿತು. ಇಡೀ ಕ್ಯಾಂಟೀನು ತಿರುಗಿ ನೋಡಿತು. ಹುಡುಗ ನಗುತ್ತಿದ್ದ. ಅವನ ಹಲ್ಲು ನಾನು ನೋಡಿದ್ದು ಅದೇ ಎರಡನೇ ಸಲ.

ಕಾಕಾ ನನ್ನನ್ನೂ ಕರೆದರು. ಹೋಗಲು ಕಾಲು ಬರಲಿಲ್ಲ, ಆದರೂ ಹೋದೆ. ಹುಡುಗ ಎದ್ದು ನಿಂತ. ಕೂಡು ಎಂದೆ. ಒಂದು ಉಂಡೆ ಕೈಗೆ ಬಂತು, ತಿಂದೆ. ಹೇಳಬೇಕೆಂದುಕೊಂಡಿದ್ದೆಲ್ಲ ಗಂಟಲಲ್ಲೇ ಸಜ್ಜಿಯ ಜೊತೆ ಇಳಿಯಿತು.

ಪಾಳಿ ಮುಗಿದ ಮೇಲೆ ಗೇಟಿನ ಹೊರಗೆ ಚಹಾದ ಗಾಡಿಯ ಹತ್ತಿರ ಅವನನ್ನು ನಿಲ್ಲಿಸಿದೆ. "ಅವತ್ತು ನಾ ಅಂದದ್ದು ತಪ್ಪಾತು" ಎಂದೆ. ಮೇಲಧಿಕಾರಿ ಕ್ಷಮೆ ಕೇಳಿದರೆ ಹುಡುಗರು "ಇರಲಿ ಬಿಡ್ರಿ ಸರ್" ಎನ್ನುತ್ತಾರೆ. ಅವನೂ ಅಂದ. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಮುಂದುವರಿದ.

"ಬೈಯೂದು ಎಲ್ಲಾರೂ ಬೈತಾರ್ರಿ ಸರ್ರ. ಮರಾಠಿ ಒಳಗ, ಹಿಂದಿ ಒಳಗ. ಅವು ಅರ್ಧ ತಿಳಿಯೂದಿಲ್ಲ, ಹತ್ತೂದೂ ಇಲ್ರಿ. ನೀವು ನಮ್ಮ ಭಾಷಾದಾಗ ಬೈದ್ರಿ. ಮೂರು ತಿಂಗಳಾಗಿತ್ತು ಒಬ್ಬರ ಬಾಯಾಗ ಕನ್ನಡ ಕೇಳಿ."

ಉತ್ತರ ಹೊಳೆಯಲಿಲ್ಲ. ಅವನೇ ನಕ್ಕು, "ಇನ್ನೊಮ್ಮಿ ಬೈಯೂದಿದ್ರ ಹಿಂದಿ ಒಳಗ ಬೈರಿ" ಎಂದ.

ಅವನು ಬಿಟ್ಟು ಹೋಗಲಿಲ್ಲ. ಇದನ್ನು ನನ್ನ ಗೆಲುವೆಂದು ಹೇಳಿಕೊಳ್ಳಲು 'ನಾನೇನೂ ಮಾಡಿಲ್ಲ. ಮಾಡಿದ್ದು ಕಾಕಾ ಮತ್ತು ನಸುಕಿನಲ್ಲಿ ಎದ್ದ ಅವರ ಹೆಂಡತಿ. ನಾನು ಮಾಡಿದ್ದಿಷ್ಟು: ಪಾಳಿ ಶುರುವಾಗುವ ಮುಂಚಿನ ಐದು ನಿಮಿಷದ ಸಭೆಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯತೊಡಗಿದೆ. ಬಿಹಾರಿಗೂ ಒಂದು ಹೆಸರಿತ್ತು, ಬಲು ಚಂದದ ಹೆಸರು. ಎಲ್ಲರೂ ಬದಲಾಗಲಿಲ್ಲ, "ಏ ಕರ್ನಾಟಕ" ಆಮೇಲೂ ಕೇಳಿಬರುತ್ತಿತ್ತು, ಆದರೆ ಅವನು ಅದಕ್ಕೆ "ಕಾಯ್ ಮಹಾರಾಷ್ಟ್ರ?" ಎಂದು ಉತ್ತರ ಕೊಡಲು ಕಲಿತಿದ್ದ. ಭಾನುವಾರಕ್ಕೊಮ್ಮೆ ನಮ್ಮ ಮನೆಗೆ ಬಂದು ರೊಟ್ಟಿ ಉಂಡು ಹೋಗುತ್ತಿದ್ದ. ನನ್ನ ಮಗಳ ಚಿತ್ರಗಳನ್ನು ಪೂರ್ತಿ ನೋಡಿ ಅಭಿಪ್ರಾಯ ಹೇಳುವವನು ಅವನೊಬ್ಬನೇ. "ಎಮ್ಮಿಗೆ ಕೋಡು ಸಣ್ಣ ಆಗ್ಯಾವ ನೋಡ" ಎನ್ನುತ್ತಿದ್ದ, ನನ್ನ ಕಡೆ ಓರೆಗಣ್ಣಲ್ಲಿ ನೋಡುತ್ತ.

ಷಿಕಾಗೋ ವಿಶ್ವವಿದ್ಯಾಲಯದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರ 2014ರ ಅಧ್ಯಯನವೊಂದರ ಬಗ್ಗೆ ಓದಿದ್ದೆ. ರೈಲು, ಬಸ್ಸುಗಳಲ್ಲಿ ಕೆಲಸಕ್ಕೆ ಹೋಗುವವರನ್ನು ಪಕ್ಕದ ಅಪರಿಚಿತರೊಂದಿಗೆ ಮಾತಾಡಿ ಎಂದು ಕೇಳಿಕೊಂಡರಂತೆ. ಅದರಿಂದ ಪ್ರಯಾಣ ಕಿರಿಕಿರಿಯಾದೀತು ಎಂದು ಜನ ಊಹಿಸಿದ್ದರು. ಮಾತಾಡಿದವರಿಗೆ, ಸುಮ್ಮನೆ ಕುಳಿತವರಿಗಿಂತ ಹಿತವೆನಿಸಿತ್ತು. ಓದಿದಾಗ, ನಮ್ಮ ವಿಜಯಪುರದ ಬಸ್ಸಿನಲ್ಲಿ ಇಂಥ ಪ್ರಯೋಗ ಮಾಡುವ ಅಗತ್ಯವೇ ಇಲ್ಲ, ಸುಮ್ಮನೆ ಕೂರುವವನೇ ಸಿಗುವುದಿಲ್ಲ ಎಂದು ನಕ್ಕಿದ್ದೆ. ಊರ ಬಸ್ಸಿನಲ್ಲಿ ಮಾತಾಡುವ ನಾನು ಎಂಟು ವರ್ಷದಿಂದ ಕಂಪನಿ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕುಳಿತಿದ್ದೇನೆ ಎಂಬುದು ಆಮೇಲೆ ಹೊಳೆಯಿತು.

ಹುಡುಗನ ಅಪ್ರೆಂಟಿಸ್ ವರ್ಷ ಮುಗಿಯಿತು. ಕಂಪನಿ ಯಾರನ್ನೂ ಉಳಿಸಿಕೊಳ್ಳಲಿಲ್ಲ. ಹೋಗುವ ದಿನ ಕಾಕಾ ಅವನಿಗೆ ಒಂದು ಟವೆಲ್ಲು, ಒಂದು ತೆಂಗಿನಕಾಯಿ ಕೊಟ್ಟರು. ಈಗ ಅವನು ಊರಲ್ಲಿದ್ದಾನೆ. ಹುಬ್ಬಳ್ಳಿಯಲ್ಲಿ ಒಂದು ಕಡೆ ಸಂದರ್ಶನ ಕೊಟ್ಟು ಬಂದು ಕಾಯುತ್ತಿದ್ದಾನೆ, ಅಲ್ಲಿಯವರೆಗೆ ಅಪ್ಪನ ಜೊತೆ ಹೊಲ. ಅವರ ಹೊಲವೂ ಭೀಮೆಯ ಹತ್ತಿರವೇ, ನಮ್ಮೂರಿಗಿಂತ ಕೆಳಗೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ ಅವನ ಮೆಸೇಜ್ ಬಂತು. ನಾನು ರಾತ್ರಿ ಪಾಳಿಯಲ್ಲಿ ಇರುತ್ತೇನೆಂದು ಲೆಕ್ಕ ಹಾಕಿಯೇ ಕಳಿಸಿದ್ದ. "ಸರ್ರ, ನಿಮ್ಮ ಪೂಲಿನ ಕೆಳಗ ನೀರು ಎಷ್ಟ ಅದರಿ? ಮ್ಯಾಲಿಂದ ಬಿಡ್ತಾರಂತ ಮಂದಿ ಅನ್ನಾಕತ್ಯಾರ." ಇಲ್ಲಿಯ ನೀರು ಉಜನಿ ತುಂಬಿ ಅಲ್ಲಿಗೆ ಇಳಿಯಲು ದಿನಗಳೇ ಬೇಕು; ಅದು ಅವನಿಗೂ ಗೊತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಎಡಗಡೆ ಸೀಟು ಸಿಗಲಿಲ್ಲ. ಕೋರೆಗಾಂವ ದಾಟುವಾಗ ಎದ್ದು ನಿಂತು, ಕಿಟಕಿಯಲ್ಲಿದ್ದ ಹುಡುಗನಿಗೆ ಸರಿಯಲು ಹೇಳಿ, ಫೋಟೊ ತೆಗೆದೆ. ನೀರು ದಂಡೆಯೊಳಗೇ ಇತ್ತು, ಬಣ್ಣ ಮಾತ್ರ ಕೆಂಪು. ಕಳಿಸಿದೆ. ಬಸ್ಸು ಲೋಣಿಕಂದ ಮುಟ್ಟುವ ಮೊದಲೇ ಉತ್ತರ ಬಂತು.

"ಸಾಕ್ರಿ ಸರ್ರ. ಚಷ್ಮಾ ಹಾಕ್ಕೊಂಡು ಹೋಗಿ ನಿದ್ದಿ ಮಾಡ್ರಿ."